ಮೂರಡಿ ಗಲ್ಲಿಯ ಬಳ್ಳಿ ಗುಲಾಬಿ: ಹತ್ತಿಸಬೇಡಿ, ಮಲಗಿಸಿ

ನಮ್ಮ ಮನೆ ಮಹಡಿಯಲ್ಲಿ ಬಾಡಿಗೆಗಿರುವ ಟೀಚರಮ್ಮ ಒಂದು ಬೆಳಿಗ್ಗೆ ಬ್ಲೌಸ್ ಅಳತೆ ಕೊಡಲು ಇಳಿದು ಬಂದರು. ಟೇಪು ಹಿಡಿದು ಬೆನ್ನ ಹಿಂದೆ ನಿಂತೆ ನೋಡಿ, ಘಮ್ಮೆಂದಿತು. ಜಡೆಯಲ್ಲಿ ಕಡುಗೆಂಪು ಗುಲಾಬಿ.

"ಎಲ್ಲಿಂದ ತಂದ್ರಿ ಇದನ್ನ?"

"ನಿಮ್ಮದೇ ಅಕ್ಕಾ! ನಮ್ಮ ರೂಮಿನ ಕಿಟಕಿ ತುಂಬಾ ಬಿಟ್ಟಿದೆ. ನೀವು ನೋಡೇ ಇಲ್ವಾ?"

ನೋಡುವುದು ಎಲ್ಲಿಂದ ಬಂತು! ಕೆಳಗೆ ನನ್ನ ಪಾಲಿಗೆ ಇದ್ದದ್ದು ಹೆಬ್ಬೆರಳು ದಪ್ಪದ ಎರಡು ಬೋಳು ಕಾಂಡ, ಅದರ ತುಂಬಾ ಮುಳ್ಳು. ಮೂರು ವರ್ಷ ಗೊಬ್ಬರ ನೀರು ಹಾಕಿದವಳು ನಾನು, ಹೂ ಮುಡಿದವರು ಅವರು. ಬಾಡಿಗೆ ಜಾಸ್ತಿ ಮಾಡೋಣ ಅನ್ನಿಸಿದ್ದು ಸುಳ್ಳಲ್ಲ.

ತಪ್ಪು ನನ್ನದೇ. ಬಳ್ಳಿ ಅಂದಮೇಲೆ ಹತ್ತಬೇಕು ಅಂದುಕೊಂಡು ನೆಟ್ಟಗೆ ಹತ್ತಿಸಿದ್ದೆ. ಅಸಲಿಗೆ ಗುಲಾಬಿ ಬಳ್ಳಿಯೇ ಅಲ್ಲ. ಮಲ್ಲಿಗೆ ಹಾಗೆ ಸುತ್ತಿಕೊಳ್ಳುವುದಿಲ್ಲ, ಹಾಗಲದ ಹಾಗೆ ಕುಡಿಬಳ್ಳಿ ಚಾಚಿ ಹಿಡಿಯುವುದೂ ಇಲ್ಲ. ಉದ್ದುದ್ದ ಕಾಂಡ ಬಿಡುವ ಗಿಡ ಅಷ್ಟೇ. ನಾವು ಎಲ್ಲಿ ಕಟ್ಟುತ್ತೇವೋ ಅಲ್ಲಿರುತ್ತದೆ.

ಮೊದಲು ಜಾಗದ ವಿಷಯ ಹೇಳಿಬಿಡುತ್ತೇನೆ. ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮದು 30-40 ಸೈಟು. ಮನೆ ಎದ್ದ ಮೇಲೆ ಪೂರ್ವಕ್ಕೆ ಉಳಿದದ್ದು ಮೂರಡಿ ಗಲ್ಲಿ. ಪಕ್ಕದ ಸೈಟು ಇನ್ನೂ ಖಾಲಿ, ಹಾಗಾಗಿ ಮಧ್ಯಾಹ್ನದವರೆಗೆ ಬಿಸಿಲು ಸಿಗುತ್ತದೆ. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇಬೇಕು. ಬೆಳಗಿನ ಬಿಸಿಲಾದರೆ ಎಲೆ ಮೇಲಿನ ಇಬ್ಬನಿ ಬೇಗ ಆರುತ್ತದೆ, ರೋಗ ಕಡಿಮೆ. ಅಷ್ಟು ಬಿಸಿಲಿಲ್ಲದ ಗಲ್ಲಿಯಾದರೆ ಬೇರೆ ಗಿಡ ಹಾಕಿ.

ಯಾವ ಜಾತಿ? ನರ್ಸರಿಯಲ್ಲಿ 'ಕ್ಲೈಂಬರ್ ಕೊಡಿ' ಅಂದರೆ ಬಿಳಿ ಐಸ್‌ಬರ್ಗ್ ಕೈಗೆ ಕೊಡುತ್ತಾರೆ. ಚೆಂದ ಇದೆ, ವಾಸನೆ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಪರಿಮಳ ಬೇಕಿದ್ದರೆ ಹೆಸರು ಹಿಡಿದು ಕೇಳಿ. ನನ್ನದು ಬಳ್ಳಿ ಜಾತಿಯ ಕ್ರಿಮ್ಸನ್ ಗ್ಲೋರಿ; ಇದರ ಮೂಲ ಪೊದೆ ಗುಲಾಬಿ 1935ರಲ್ಲಿ ಜರ್ಮನಿಯಲ್ಲಿ ಬಂದದ್ದು. ಹೂವಿನ ಕತ್ತು ಬಲವಿಲ್ಲ, ತಲೆ ತಗ್ಗಿಸುತ್ತದೆ ಅಂತ ಇದನ್ನು ಬೈಯುವವರಿದ್ದಾರೆ. ಕುಂಡದ ಗಿಡಕ್ಕೆ ಅದು ದೋಷವೇ. ಗೋಡೆ ಮೇಲಿರುವ ಹೂವು ತಲೆ ತಗ್ಗಿಸಿದರೆ ಕೆಳಗೆ ನಿಂತ ನಮ್ಮನ್ನೇ ನೋಡುತ್ತದಲ್ಲ! ಹಳೇದಾದಂತೆ ಕೆಂಪು ನೇರಳೆಗೆ ತಿರುಗುತ್ತದೆ, ಅದೊಂದು ನನಗೆ ಹಿಡಿಸಲ್ಲ. ಮಕ್ಕಳು ಓಡಾಡುವ ಕಡೆ ಮುಳ್ಳು ಬೇಡ ಅಂದರೆ ಗುಲಾಬಿ ಬಣ್ಣದ ಜೆಫಿರಿನ್ ದ್ರೂಹೆನ್ ಇದೆ. 1868ರ ತಳಿ, ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ, ಒಳ್ಳೆ ಪರಿಮಳ. ಆದರೆ ಕಪ್ಪು ಚುಕ್ಕೆ ರೋಗಕ್ಕೆ ಬೇಗ ಸಿಕ್ಕಿಬೀಳುತ್ತದೆ, ನಮ್ಮ ಮಳೆಗಾಲದಲ್ಲಿ ಅದಕ್ಕೆ ಬಾಣಂತನ ಮಾಡಬೇಕಾಗುತ್ತದೆ.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಗೋಡೆಯಿಂದ ಒಂದಡಿಯಾದರೂ ಈಚೆಗೆ. ನಾನು ಅಗೆದಾಗ ಸಿಕ್ಕಿದ್ದು ಮಣ್ಣಲ್ಲ, ಮನೆ ಕಟ್ಟಿದವರು ಹೂತುಹಾಕಿದ ಗಾರೆ, ಇಟ್ಟಿಗೆ ಚೂರು, ಒಂದು ಹರಿದ ಚಪ್ಪಲಿ. ಸಿಮೆಂಟಿನ ಮಣ್ಣು ಗುಲಾಬಿಗೆ ಆಗಲ್ಲ, ನರ ಹಸಿರಾಗೇ ಉಳಿದು ಎಲೆ ಹಳದಿಯಾಗುತ್ತದೆ. ಎಲ್ಲ ತೆಗೆದು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿಸಿ. ಕಸಿ ಗಂಟು, ಅಂದರೆ ಕಸಿ ಕೂಡಿಸಿದ ಕಡೆಯ ಉಬ್ಬು, ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಗಂಟಿನ ಕೆಳಗಿಂದ ಬರುವ ಚಿಗುರನ್ನು ಮರುಕವಿಲ್ಲದೆ ಬುಡಸಹಿತ ಕಿತ್ತುಹಾಕಿ, ಅದು ಕಸಿಗೆ ಬುಡವಾದ ಬೇರುಗಿಡದ್ದು, ಬಿಟ್ಟರೆ ಕಸಿ ಮಾಡಿದ್ದನ್ನೇ ತಿಂದುಹಾಕುತ್ತದೆ.

ಗೋಡೆಗೆ ಕೊಕ್ಕೆ ಹೊಡೆಸಿ ಅಡ್ಡಡ್ಡ ಜಿಐ ತಂತಿ ಎಳೆಯಿರಿ. ಮೊದಲ ಸಾಲು ನೆಲದಿಂದ ಒಂದೂವರೆ ಅಡಿ, ಆಮೇಲೆ ಅಡಿ ಅಡಿಗೊಂದರಂತೆ ಇನ್ನು ನಾಲ್ಕು. ತಂತಿ ಗೋಡೆಗೆ ಅಂಟಿಕೊಂಡಿರಬಾರದು, ಹಿಂದೆ ಮೂರು ಬೆರಳು ಹೋಗುವಷ್ಟು ಗಾಳಿ ಆಡಲಿ.

ಇನ್ನು ಮಲಗಿಸುವ ಕೆಲಸ. ಕಾಂಡದ ತುದಿಯ ಕುಡಿಯಿಂದ ಆಕ್ಸಿನ್ ಅನ್ನುವ ರಸ ಕೆಳಕ್ಕಿಳಿದು, ಕೆಳಗಿನ ಕಣ್ಣುಗಳನ್ನು ಚಿಗುರಲು ಬಿಡುವುದಿಲ್ಲ. ಕಾಂಡ ನೆಟ್ಟಗಿದ್ದಷ್ಟೂ ತುದಿಯದೇ ಯಜಮಾನಿಕೆ, ಹೂವೆಲ್ಲ ಟೀಚರಮ್ಮನ ಕಿಟಕಿಗೆ. ಕಾಂಡವನ್ನು ಅಡ್ಡ ಮಲಗಿಸಿದರೆ ಆ ಹಿಡಿತ ಸಡಿಲವಾಗಿ ಕಣ್ಣು ಕಣ್ಣಿನಿಂದಲೂ ಪಕ್ಕದ ಕುಡಿ ಏಳುತ್ತದೆ, ಆ ಕುಡಿಯ ತುದಿಯಲ್ಲಿ ಮೊಗ್ಗು.

ಎಳೇ ಕಾಂಡ ಪೆನ್ಸಿಲ್ ದಪ್ಪ ಇರುವಾಗ, ಇನ್ನೂ ಹಸಿರಾಗಿರುವಾಗ ಶುರು ಮಾಡಿ. ಹಿಂದಿನ ಸಂಜೆ ಬುಡಕ್ಕೆ ಚೆನ್ನಾಗಿ ನೀರು ಹಾಕಿ. ಒಂದು ಕೈಯಲ್ಲಿ ಬುಡ ಒತ್ತಿ ಹಿಡಿದು, ಇನ್ನೊಂದರಲ್ಲಿ ತುದಿಯನ್ನಲ್ಲ, ನಡುವನ್ನು ಹಿಡಿದು ನಿಧಾನಕ್ಕೆ ಓರೆ ಮಾಡಿ, ತಂತಿಗೆ ಕಟ್ಟಿ. ಮುಂದಿನ ವಾರ ಇನ್ನಷ್ಟು ಬಗ್ಗಿಸಿ. ಮೂರ್ನಾಲ್ಕು ವಾರಕ್ಕೆ ಮಲಗುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ, ಬೀಸಣಿಗೆ ಬಿಚ್ಚಿದ ಹಾಗೆ. ನಾನು ಹೊಲಿಗೆಯ ಅವಸರದಲ್ಲಿ ಒಂದೇ ದಿನಕ್ಕೆ ಬಗ್ಗಿಸಹೋಗಿ 'ಚಟ್' ಅಂತು. ಅರ್ಧ ಸೀಳಿತ್ತು. ಜೀವ ಹೋದಂತಾಯಿತು. ಸೀಳಿಗೆ ಸೀಳು ಕೂಡಿಸಿ ಲೈನಿಂಗ್ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿದೆ. ಅದು ಬದುಕಿತು, ಅಲ್ಲೊಂದು ಗಂಟು ಇವತ್ತಿಗೂ ಇದೆ.

ಕಟ್ಟಲಿಕ್ಕೂ ಅದೇ ಪಟ್ಟಿ. ಹತ್ತಿ ಬಟ್ಟೆಯೇ ಆಗಬೇಕು; ತಂತಿ, ಪ್ಲಾಸ್ಟಿಕ್ ದಾರ ಕಾಂಡವನ್ನು ಕುಯ್ಯುತ್ತವೆ. ಒಂದು ಸುತ್ತು ತಂತಿಗೆ, ನಡುವೆ ಒಂದು ತಿರುವು, ಇನ್ನೊಂದು ಸುತ್ತು ಕಾಂಡಕ್ಕೆ. ಬೆಳೆಯುವ ಹುಡುಗಿಗೆ ರವಿಕೆ ಹೊಲಿಯುವಾಗ ಒಳಗೆ ಬಟ್ಟೆ ಬಿಡುವುದಿಲ್ಲವೇ, ಹಾಗೆ ಕಿರುಬೆರಳು ಆಡುವಷ್ಟು ಸಡಿಲ ಬಿಡಿ.

ಗೊಬ್ಬರಕ್ಕೆ ಕಡಲೆಕಾಯಿ ಹಿಂಡಿ ಮೂರು ದಿನ ನೆನೆಸಿ, ಒಂದಕ್ಕೆ ಹತ್ತರಷ್ಟು ನೀರು ಬೆರೆಸಿ, ತಿಂಗಳಿಗೊಮ್ಮೆ. ಬಕೆಟ್ಟಿಗೆ ಮುಚ್ಚಳ ಮುಚ್ಚಿ, ಗಿರಾಕಿಗಳು ಬರುವ ದಿನ ಬಿಚ್ಚಬೇಡಿ. ಬೇಸಿಗೆಯಲ್ಲಿ ಎಲೆಯಡಿ ಕೆಂಪು ನುಸಿ ಕೂರುತ್ತದೆ, ಬೆಳಿಗ್ಗೆ ಪೈಪಿನಲ್ಲಿ ಎಲೆಯ ಕೆಳಮೈಗೆ ರಭಸವಾಗಿ ನೀರು ಹೊಡೆದರೆ ಸಾಕು.

ಮಳೆಗಾಲದ ಕಪ್ಪು ಚುಕ್ಕೆ ಅಷ್ಟು ಸುಲಭಕ್ಕೆ ಹೋಗಲ್ಲ. ಉದುರಿದ ಎಲೆಯನ್ನು ಅಲ್ಲೇ ಬಿಡದೆ ಆರಿಸಿ ತೆಗೆಯಿರಿ, ರೋಗ ಅದರಲ್ಲೇ ಕೂತು ಮತ್ತೆ ಮಳೆಹನಿ ಜೊತೆ ಮೇಲಕ್ಕೆ ಸಿಡಿಯುತ್ತದೆ. ಸಕಲೇಶಪುರದ ಕಡೆ ತೋಟದವರು ಕಾಫಿ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣವೇ ಇದಕ್ಕೂ ಮದ್ದು. ತೋಟದಲ್ಲಿ ನೂರು ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆಜಿ, ಸುಣ್ಣ ಒಂದು ಕೆಜಿ. ಗುಲಾಬಿ ಎಲೆಗೆ ಅದು ಖಾರ. ಅದರ ಅರ್ಧ ಸಾಕು: ಒಂದು ಲೀಟರಿಗೆ ಐದು ಗ್ರಾಂ ತುತ್ತ, ಐದು ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಿ. ಮಾಡಿದ ದಿನವೇ ಹೊಡೆದು ಮುಗಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ.

ಕತ್ತರಿ ಹಾಕುವ ಕಾಲ ನಮ್ಮೂರಲ್ಲಿ ಮರೆಯುವಂತೆಯೇ ಇಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಆದಮೇಲೆ ಮುಚ್ಚುತ್ತಾರೆ. ಮಳೆ ತಗ್ಗಿರುತ್ತದೆ, ಆ ದಿನಗಳೇ ಸರಿ. ಹೋದ ವರ್ಷ ಮುಡಿಸಿದ ಹೂವು ಬಾಗಿಲು ತೆಗೆದಾಗಲೂ ಬಾಡಿರುವುದಿಲ್ಲ ಅಂತ ನಂಬಿಕೆ; ನಮ್ಮ ಗುಲಾಬಿಗೆ ಆ ಭಾಗ್ಯವಿಲ್ಲ, ಎರಡೇ ದಿನ. ಮೊದಲೆರಡು ವರ್ಷ ಮುಖ್ಯ ಕಾಂಡ ಮುಟ್ಟಲೇಬೇಡಿ. ಪೊದೆ ಜಾತಿಯಿಂದ ಬಂದ ಬಳ್ಳಿಯನ್ನು ಗಿಡ್ಡ ಕತ್ತರಿಸಿದರೆ ಮತ್ತೆ ಪೊದೆಯಾಗಿಬಿಡುವುದುಂಟು. ಪಕ್ಕದ ಕುಡಿಗಳನ್ನು ಮಾತ್ರ ಎರಡು ಮೂರು ಕಣ್ಣು ಉಳಿಸಿ ಕತ್ತರಿಸಿ. ನಾಲ್ಕನೇ ವರ್ಷದಿಂದ ತೀರಾ ಮುದಿಯಾದ ಒಂದು ಕಾಂಡವನ್ನು ಬುಡಕ್ಕೆ ತೆಗೆದು, ಹೊಸತೊಂದನ್ನು ಆ ಜಾಗದಲ್ಲಿ ಮಲಗಿಸಿ. ಕತ್ತರಿ ಹಾಕಿದ ನಲವತ್ತೈದು ಐವತ್ತು ದಿನಕ್ಕೆ ಹೂವು.

ಕತ್ತರಿಸಿದ ಮುಳ್ಳುಕಡ್ಡಿಯನ್ನು ಹಾಗೇ ಕಸದ ಗಾಡಿಗೆ ಕೊಡಬೇಡಿ, ಗಾಡಿಯವರು ಕೈ ಹಾಕುತ್ತಾರೆ. ನಾನು ಹಳೇ ಅಕ್ಕಿ ಚೀಲಕ್ಕೆ ತುಂಬಿ ಬಾಯಿ ಹೊಲಿದು ಕೊಡುತ್ತೇನೆ. ಹೋದ ಸಲ ಬಾಯಿ ಹೊಲಿಯುತ್ತಿದ್ದಾಗ ಮೇಲಿನಿಂದ ಟೀಚರಮ್ಮ ಬಗ್ಗಿ ಕೇಳಿದರು, "ಅಕ್ಕಾ, ಈ ಸಲ ನಮ್ಮ ಕಿಟಕಿಗೆ ಒಂದೂ ಬಿಡಲ್ವಾ?" ಒಂದು ಕಾಂಡ ಅವರ ಪಾಲಿಗೆ ನೆಟ್ಟಗೇ ಬಿಟ್ಟಿದ್ದೇನೆ.