14 ಬೈಟಿನ ಹೆಡರ್, 16 ಬೈಟಿನ ಸ್ಟ್ರಕ್ಟ್

ಬಿಎಂಪಿ ಚಿತ್ರದ ಫೈಲಿನಲ್ಲಿ ಮೊದಲ 14 ಬೈಟು ಫೈಲ್ ಹೆಡರ್. ಅದರಲ್ಲಿ ಕ್ರಮವಾಗಿ 2, 4, 2, 2, 4 ಬೈಟಿನ ಐದು ಫೀಲ್ಡುಗಳು. ಹಾಗೇ ಸಿ ಭಾಷೆಯ ಸ್ಟ್ರಕ್ಟ್ (ಹಲವು ಫೀಲ್ಡುಗಳ ಕಟ್ಟು) ಬರೆದು, ಫೈಲ್ ಓದುವ ಎಫ್‌ರೀಡ್ ಫಂಕ್ಷನ್ನಿನಲ್ಲಿ ಒಂದೇ ಸಲ ಓದಿದೆ. ಪಿಕ್ಸೆಲ್‌ಗಳು ಎಲ್ಲಿ ಶುರುವಾಗುತ್ತವೆ ಎಂದು ಹೇಳುವ ಕೊನೆಯ ಫೀಲ್ಡಿನಲ್ಲಿ 54 ಇರಬೇಕಿತ್ತು, 26,21,440 ಬಂತು.

ಸ್ಟ್ರಕ್ಟ್‌ನ ಗಾತ್ರ ಎಷ್ಟೆಂದು ಸೈಜ್‌ಆಫ್ ಕೇಳಿದರೆ 16. ನಾಲ್ಕು ಬೈಟಿನ ಪೂರ್ಣಾಂಕ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕೆಂದು ಕಂಪೈಲರ್ ಮೊದಲ ಫೀಲ್ಡಿನ ನಂತರ ಎರಡು ಬೈಟು ಪ್ಯಾಡಿಂಗ್, ಅಂದರೆ ಖಾಲಿ ಜಾಗ, ಇಟ್ಟಿದೆ. ಫೈಲಿನಲ್ಲಿ ಆ ಜಾಗವೇ ಇಲ್ಲ. ಹಾಗಾಗಿ ಅಲ್ಲಿಂದಾಚೆಗಿನದೆಲ್ಲ ಎರಡು ಬೈಟು ಜರುಗಿತು. ಕೊನೆಯ ಫೀಲ್ಡಿಗೆ ಸಿಕ್ಕಿದ್ದು ತನ್ನ ಮೇಲಿನ ಎರಡು ಸೊನ್ನೆ ಬೈಟು, ಜೊತೆಗೆ ಮುಂದಿನ ಹೆಡರಿನ ಮೊದಲೆರಡು ಬೈಟು, ಅಂದರೆ ಆ ಹೆಡರಿನ ಗಾತ್ರವಾದ 40. ಅದು ಮೇಲಿನ ಎರಡು ಬೈಟಿನಲ್ಲಿ ಕೂತಿತು; 40ನ್ನು 65,536ರಿಂದ ಗುಣಿಸಿ ನೋಡಿ. ಇಂಥ ಅಂಕಿ ಕಂಡಾಗಲೆಲ್ಲ ಮೊದಲು 65,536ರಿಂದ ಭಾಗಿಸಿ ನೋಡುತ್ತೇನೆ; ಶೇಷ ಉಳಿಯದಿದ್ದರೆ ಪ್ಯಾಡಿಂಗ್ ಮೇಲೆಯೇ ನನ್ನ ಅನುಮಾನ.

ಪ್ಯಾಡಿಂಗ್ ಬೇಡವೆನ್ನುವ ಜಿಸಿಸಿ ಕಂಪೈಲರಿನ ಪ್ಯಾಕ್ಡ್ ಸೂಚನೆ ಹಾಕಿದರೆ 14 ಬರುತ್ತದೆ, ಆದರೂ ನಾನು ಹಾಕುವುದಿಲ್ಲ. ಒಳಗಿನ ಫೀಲ್ಡಿನ ವಿಳಾಸವನ್ನು ಬೇರೆ ಫಂಕ್ಷನ್ನಿಗೆ ಕೊಟ್ಟರೆ ಅದು ಅಲೈನ್ ಆಗಿಲ್ಲವೆಂದು, ಅಂದರೆ ತಕ್ಕ ವಿಳಾಸದಲ್ಲಿ ಕೂತಿಲ್ಲವೆಂದು, ಆ ಫಂಕ್ಷನ್ನಿಗೆ ತಿಳಿಯದು. ಎಕ್ಸ್86 ಪ್ರೊಸೆಸರ್ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಎಆರ್‌ಎಂ ಕಾರ್ಟೆಕ್ಸ್-ಎಂ0 ನೇರ ಹಾರ್ಡ್ ಫಾಲ್ಟಿಗೆ (ಪ್ರೋಗ್ರಾಮ್ ಮುಂದುವರಿಯದ ದೋಷಕ್ಕೆ) ಬೀಳುತ್ತದೆ. ಜಿಸಿಸಿ 9ರಿಂದ ಇದಕ್ಕೆ ತಾನಾಗಿಯೇ ವಾರ್ನಿಂಗ್ ಬರುತ್ತದೆ, ದಯವಿಟ್ಟು ಅದನ್ನು ಬಾಯಿ ಮುಚ್ಚಿಸಬೇಡಿ.

ನಾನು ಮಾಡುವುದು ಇಷ್ಟು: 14 ಬೈಟನ್ನು ಅನ್‌ಸೈನ್ಡ್ ಕ್ಯಾರ್ ಅರೇಗೆ ಓದಿ, 10ರಿಂದ 13ನೇ ಬೈಟುಗಳನ್ನು 0, 8, 16, 24 ಬಿಟ್ ಎಡಕ್ಕೆ ಸರಿಸಿ ಕೂಡಿಸುವುದು. ಸರಿಸುವ ಮೊದಲೇ 32 ಬಿಟ್ ಅನ್‌ಸೈನ್ಡ್‌ಗೆ (ಚಿಹ್ನೆಯ ಬಿಟ್ ಇಲ್ಲದ ಬಗೆಗೆ) ಕಾಸ್ಟ್ ಮಾಡಲೇಬೇಕು. ಇಲ್ಲದಿದ್ದರೆ 127 ದಾಟಿದ ಬೈಟು 24 ಬಿಟ್ ಸರಿದಾಗ ಇಂಟ್‌ನ ಚಿಹ್ನೆಯ ಬಿಟ್‌ಗೆ ನುಗ್ಗುತ್ತದೆ. ಯಾವ ಬೈಟು ಮೊದಲು ಎನ್ನುವ ಬೈಟ್ ಕ್ರಮದ ತಲೆನೋವೂ ಇದರಲ್ಲೇ ತೀರುತ್ತದೆ.

ಮೆಮೊರಿಯಲ್ಲಷ್ಟೇ ಇರುವ ಸ್ಟ್ರಕ್ಟ್‌ಗೆ ಫೀಲ್ಡುಗಳ ಕ್ರಮ ಬದಲಿಸಿದರೆ ಸಾಕು. 64 ಬಿಟ್ ಲಿನಕ್ಸ್‌ನಲ್ಲಿ ಕ್ಯಾರ್, ಡಬಲ್, ಕ್ಯಾರ್, ಇಂಟ್, ಶಾರ್ಟ್ ಎಂದು ಬರೆದರೆ 32 ಬೈಟು. ಡಬಲ್, ಇಂಟ್, ಶಾರ್ಟ್, ಕ್ಯಾರ್, ಕ್ಯಾರ್ ಎಂದರೆ ಸರಿಯಾಗಿ 16. ಹತ್ತು ಲಕ್ಷ ದಾಖಲೆಗಳಿದ್ದರೆ 1.6 ಕೋಟಿ ಬೈಟು ಉಳಿತಾಯ. ಡಿಬಗ್ ಮಾಹಿತಿಯೊಂದಿಗೆ ಕಂಪೈಲ್ ಮಾಡಿ ಪಾಹೋಲ್ ಎಂಬ ಸಾಧನ ಓಡಿಸಿದರೆ ಯಾವ ತೂತು (ಪ್ಯಾಡಿಂಗ್) ಎಲ್ಲಿದೆ, ಎಷ್ಟು ಬೈಟು ಎಂದು ಕಾಣುತ್ತದೆ. ಬಂದ ಗಾತ್ರವನ್ನು ಕಂಪೈಲ್ ಆಗುವಾಗಲೇ ಪರೀಕ್ಷಿಸುವ ಸಿ11ರ ಸ್ಟ್ಯಾಟಿಕ್ ಅಸರ್ಟ್‌ನಲ್ಲಿ ಬರೆದಿಡುತ್ತೇನೆ. ಯಾರಾದರೂ ನಡುವೆ ಫೀಲ್ಡು ತುರುಕಿ ಗಾತ್ರ ಬದಲಾದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ.

ಪ್ಯಾಡಿಂಗ್ ಉಳಿದ ಸ್ಟ್ರಕ್ಟ್‌ಗಳನ್ನು ಬೈಟು ಬೈಟಾಗಿ ಹೋಲಿಸುವ ಮೆಮ್‌ಕಂಪ್‌ನಿಂದ ಹೋಲಿಸಬೇಡಿ. ಆ ಬೈಟುಗಳಲ್ಲಿ ಏನಿರುತ್ತದೆಂದು ಭಾಷೆ ಮಾತು ಕೊಟ್ಟಿಲ್ಲ. ಫೀಲ್ಡು ಫೀಲ್ಡಾಗಿಯೇ ಹೋಲಿಸಿ.