ಅರ್ಜಿ ಪ್ರಬಂಧ: ಬರೆಯುವ ಮೊದಲು ಮಾತಾಡಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಈ ಸಲ ಮೂರು ಮಕ್ಕಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಅರ್ಜಿಯ ಜೊತೆ ತಮ್ಮ ಬಗ್ಗೆ ಬರೆದು ಕಳಿಸಬೇಕಾದ ಪ್ರಬಂಧವನ್ನು ಮೂವರೂ ತಂದು ತೋರಿಸಿದರು. ಮೂರರಲ್ಲೂ ಮೊದಲ ಸಾಲು ‘ಚಿಕ್ಕಂದಿನಿಂದಲೂ ನನಗೆ...’ ಎಂದೇ ಇತ್ತು. ಹೆಸರು ಮುಚ್ಚಿಟ್ಟರೆ ಯಾವುದು ಯಾರದ್ದೆಂದು ಹೆತ್ತವರಿಗೂ ಗೊತ್ತಾಗುತ್ತಿರಲಿಲ್ಲ!

ಮೊದಲು ಅಳತೆ ತಿಳಿದುಕೊಳ್ಳಿ. ಹೆಚ್ಚಿನವರು ಅರ್ಜಿ ಹಾಕುವುದು ಕಾಮನ್ ಆಪ್ ಮೂಲಕ, ಅಂದರೆ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟ್. ಅಲ್ಲಿ ಪ್ರಬಂಧ 250ರಿಂದ 650 ಪದ. ಏಳು ಪ್ರಶ್ನೆಗಳಲ್ಲಿ ಒಂದನ್ನು ಆರಿಸಬೇಕು. ಕೊನೆಯದು ನಿಮ್ಮಿಷ್ಟದ ವಿಷಯ. ಹೊಸ ಪ್ರವೇಶ ಸಾಲಿನ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಬೇಗ ಹಾಕುವವರಿಗೆ ಹಲವು ಕಡೆ ನವೆಂಬರ್ 1 ಕೊನೆಯ ದಿನ. ಹಾಗಾಗಿ ಮಳೆಗಾಲ ಶುರುವಾಗುವಾಗಲೇ ಕೂತರೆ ಒಳ್ಳೆಯದು.

ಆದರೆ ಲ್ಯಾಪ್‌ಟಾಪ್ ತೆರೆಯಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಎರಡು ವಾರ ದಿನಕ್ಕೊಂದು ಪುಟ ಸುಮ್ನೆ ಗೀಚಿ. ಲೋಕಲ್ ರೈಲಿನಲ್ಲಿ ಫೋರ್ತ್ ಸೀಟ್, ಅಂದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರ ಜಾಗ, ಸಿಕ್ಕರೂ ಸಾಕು. ಯಾರೂ ಹೇಳದೆ ನೀವು ಮಾಡುವ ಕೆಲಸ ಯಾವುದು? ಮನೆಯಲ್ಲಿ ಯಾವುದಕ್ಕೆ ಜಗಳವಾಡುತ್ತೀರಿ? ಬಹುಮಾನಗಳ ಪಟ್ಟಿ ಬೇಡ. ಅದಕ್ಕೆ ಅರ್ಜಿಯಲ್ಲೇ ಬೇರೆ ಜಾಗವಿದೆ, ಹತ್ತು ಚಟುವಟಿಕೆಗಳನ್ನೂ ಪ್ರತ್ಯೇಕವಾಗಿ ಬರೆಯಬಹುದು.

ಆಮೇಲಿನ ಹೆಜ್ಜೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಗೀಚಿದ್ದರಲ್ಲಿ ಒಂದನ್ನು ಅಜ್ಜಿಗೋ ಅತ್ತೆಗೋ ಕನ್ನಡದಲ್ಲೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಇಂಗ್ಲಿಷ್‌ನಲ್ಲಿ ಕೂತರೆ ದೊಡ್ಡ ದೊಡ್ಡ ಪದಗಳು ಬರುತ್ತವೆ. ಅಜ್ಜಿಯ ಮುಂದೆ ಅವು ನಡೆಯುವುದಿಲ್ಲ, ಅಲ್ವಾ?

ಮೂವರಲ್ಲಿ ಒಬ್ಬಳ ಅಪ್ಪನದು ಮಾಟುಂಗಾದಲ್ಲಿ ಸಣ್ಣ ಹೋಟೆಲು. ಅವಳು ಬರೆದದ್ದು ಗಣಿತದ ಸ್ಪರ್ಧೆಯ ಬಗ್ಗೆ. ಮಾತಿಗೆ ಕೂರಿಸಿದರೆ ಬಂದದ್ದು ಗಲ್ಲಾದ ಕತೆ. ಜೋರು ಮಳೆಯ ದಿನ ಇಡ್ಲಿ ಹಿಟ್ಟು ಉಳಿಯುತ್ತದೆ. ಎಷ್ಟು ಉಳಿಯಿತೆಂದು ಅವಳು ಎರಡು ಮಳೆಗಾಲ ಹಳೇ ಬಿಲ್ ಪುಸ್ತಕದ ಹಿಂದೆ ಬರೆದಿಟ್ಟಿದ್ದಳು. ಈಗ ರಾತ್ರಿ ಎಷ್ಟು ಅಕ್ಕಿ ನೆನೆಹಾಕಬೇಕೆಂದು ಅಪ್ಪ ಅವಳನ್ನೇ ಕೇಳುತ್ತಾರೆ. ಒಮ್ಮೆ ಲೆಕ್ಕ ತಪ್ಪಿ, ಭಾನುವಾರ ಒಂಬತ್ತು ಗಂಟೆಗೇ ಇಡ್ಲಿ ಖಾಲಿ. ಗಿರಾಕಿಗಳಿಗೆ ಅವಳೇ ನಿಂತು ಸಮಾಧಾನ ಹೇಳಿದಳಂತೆ. ‘ಇದನ್ನೆಲ್ಲ ಬರೆಯಬಹುದಾ ಆಂಟಿ?’ ಎಂದಳು. ಇದನ್ನೇ ಬರೆಯಬೇಕು ಮಾರಾಯ್ತಿ!

ಇಷ್ಟಾದ ಮೇಲೆ ಬರೆಯುವುದು ಅಷ್ಟು ಕಷ್ಟವಲ್ಲ. ಮೊದಲ ಸಲ 900 ಪದವಾದರೂ ಆಗಲಿ, ಆಮೇಲೆ ಕತ್ತರಿಸಿ. ಸಾಮಾನ್ಯವಾಗಿ ಮೊದಲ ಪ್ಯಾರಾ ಪೂರ್ತಿ ಹೋಗುತ್ತದೆ. ಇಬ್ಬರಿಗೆ ತೋರಿಸಿ, ಜಾಸ್ತಿ ಬೇಡ. ಐದು ಜನ ತಿದ್ದಿದರೆ ಅದು ಐವರ ಪ್ರಬಂಧ. ಎಐಯಿಂದ ಬರೆಸಿ ನಿಮ್ಮದೆಂದು ಕಳಿಸಿದರೆ ಕಾಮನ್ ಆಪ್ ಅದನ್ನು ಮೋಸ ಎಂದೇ ಲೆಕ್ಕ ಹಾಕುತ್ತದೆ.

ಕಳಿಸುವ ಮುಂಚೆ ಇನ್ನೊಂದು. ಇದೇ ಪ್ರಬಂಧ ನೀವು ಕಾಮನ್ ಆಪ್‌ನಿಂದ ಅರ್ಜಿ ಹಾಕುವ ಬೇರೆ ಬೇರೆ ಕಾಲೇಜುಗಳಿಗೂ ಹೋಗುತ್ತದೆ. ನಡುವೆ ಎಲ್ಲಾದರೂ ಒಂದು ಕಾಲೇಜಿನ ಹೆಸರು ಹೊಗಳಿ ಬರೆದಿದ್ದರೆ, ಈಗಲೇ ತೆಗೆದುಬಿಡಿ.