ಕೋಡಿನೊಳಗೇ ಇದ್ದ ಕೈಪಿಡಿಯನ್ನು ಹೊರಗೆ ತೆಗೆದದ್ದು

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ದಾಲ್ ಮಿಲ್ಲಿನ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ತೊಗರಿ ಲಾರಿ ಕಾಂಟಾದ ಮೇಲೆ ನಿಂತಾಗಿನಿಂದ ರೈತರ ಕೈಗೆ ಪಟ್ಟಿ ಹೋಗುವವರೆಗೆ ಎಲ್ಲಾ ಲೆಕ್ಕವೂ ಪೈಥಾನ್ ಪ್ರೋಗ್ರಾಂನಲ್ಲೇ ಆಗುತ್ತದೆ. ಅದನ್ನು ಬರೆದವರು ನನಗಿಂತ ಮೊದಲೇ ಕೆಲಸ ಬಿಟ್ಟು ಹೋಗಿದ್ದರು. ಕೈಪಿಡಿ ಅಂತ ಒಂದು ಹಾಳೆಯೂ ಇರಲಿಲ್ಲ.

ಸುಗ್ಗಿಯಲ್ಲಿ ಒಂದು ದಿನ ಕಾಂಟಾದ ಹುಡುಗ ಕೇಳಿದ: "ಅಣ್ಣಾ, ಈ ಲಾರಿಗಿ ಇಷ್ಟ್ಯಾಕ ತೂಕ ಕಡಿತದ? ರೈತ್ರು ಕೇಳಿದ್ರ ನಾ ಏನ್ ಹೇಳ್ಲಿ?" ಆ ಲೆಕ್ಕದ ಫಂಕ್ಷನ್, ಅಂದರೆ ಆ ಒಂದು ಕೆಲಸ ಮಾಡುವ ಕೋಡಿನ ತುಂಡು, ತೆರೆದು ನೋಡಿದೆ. ಹೆಸರಿನ ಕೆಳಗೇ, ಮೂರು ಉದ್ಧರಣ ಚಿಹ್ನೆಗಳ ನಡುವೆ, ಅಚ್ಚ ಕನ್ನಡದಲ್ಲಿ ಉತ್ತರ ಇತ್ತು. ತೇವ ಶೇ 12 ದಾಟಿದರೆ ಎಷ್ಟು ಕಡಿಯಬೇಕು, ಯಾಕೆ, ಎಲ್ಲಾ ಬರೆದಿದ್ದರು. ಇದಕ್ಕೆ ಡಾಕ್‌ಸ್ಟ್ರಿಂಗ್ ಅನ್ನುತ್ತಾರೆ. ಬೇರೆ ಫೈಲುಗಳಲ್ಲೂ ಹೀಗೇ ಇತ್ತು. ಇದನ್ನೆಲ್ಲಾ ಒಂದು ಕಡೆ ತೆಗೆದು ಪ್ರಿಂಟ್ ಹಾಕಿ ಕಾಂಟಾ ರೂಮಿನಲ್ಲಿ ಇಡಬೇಕು ಅನ್ನಿಸಿತು.

ಮೊದಲು ಡಾಕ್‌ಸ್ಟ್ರಿಂಗ್‌ಗಳನ್ನು ತೆಗೆದು ತೋರಿಸುವ ಪೈಡಾಕ್ ಓಡಿಸಿದೆ. ಅದು ಪೈಥಾನ್ ಜೊತೆಗೇ ಬರುತ್ತದೆ. ಆದರೆ ವಿವರಣೆ ತೋರಿಸಲು ಅದು ಫೈಲನ್ನು ಇಂಪೋರ್ಟ್ ಮಾಡುತ್ತದೆ, ಅಂದರೆ ಫೈಲಿನ ಮೇಲ್ಮಟ್ಟದ ಕೋಡ್ ನಿಜವಾಗಿಯೂ ಓಡುತ್ತದೆ. ನಮ್ಮ ಒಂದು ಫೈಲು ಶುರುವಾದ ಕೂಡಲೇ ಕಾಂಟಾದಿಂದ ಕಂಪ್ಯೂಟರ್‌ಗೆ ತೂಕ ಬರುವ ಸೀರಿಯಲ್ ಪೋರ್ಟ್ ತೆರೆಯುತ್ತದೆ. ಹೊರಗೆ ಲಾರಿ ನಿಂತಿತ್ತು, ಪೋರ್ಟನ್ನು ನಾನು ಹಿಡಿದಿಟ್ಟಿದ್ದೆ, ಸ್ಕ್ರೀನ್ ಮೇಲೆ ತೂಕವೇ ಬರಲಿಲ್ಲ. ಅವತ್ತಿಗೆ ಅದನ್ನು ಬಿಟ್ಟೆ.

ಆಮೇಲೆ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ) ಬರೆದು ಮೂರು ಉದ್ಧರಣ ಚಿಹ್ನೆಗಳ ನಡುವಿನದ್ದನ್ನೆಲ್ಲಾ ಹಿಡಿದೆ. ವಿವರಣೆಯ ಜೊತೆ ಡೇಟಾಬೇಸ್‌ಗೆ ಕೇಳುವ ಉದ್ದುದ್ದ ಎಸ್‌ಕ್ಯುಎಲ್ ಕ್ವೆರಿಗಳೂ ಬಂದವು, ಅವನ್ನೂ ಹಾಗೇ ಬರೆದಿರುತ್ತಾರೆ ಅಲ್ವಾ. ಯಾವ ವಿವರಣೆ ಯಾವ ಫಂಕ್ಷನ್‌ನದು ಅಂತಲೂ ಗೊತ್ತಾಗಲಿಲ್ಲ.

ಸರಿಯಾದ ದಾರಿ ಪೈಥಾನ್‌ನದೇ ಎಎಸ್‌ಟಿ ಮಾಡ್ಯೂಲ್. ಅದು ಕೋಡನ್ನು ಓಡಿಸುವುದಿಲ್ಲ, ಸುಮ್ನೆ ಓದಿ ಮರದ ಆಕಾರದಲ್ಲಿ ಬಿಡಿಸಿ ಕೊಡುತ್ತದೆ. ಮಾಡ್ಯೂಲ್ ಅಂದರೆ ಇಡೀ ಫೈಲು, ಅದರೊಳಗೆ ಕ್ಲಾಸ್ ಅಂದರೆ ಫಂಕ್ಷನ್‌ಗಳ ಗುಂಪು, ಅದರೊಳಗೆ ಫಂಕ್ಷನ್. ಮರದ ಇಂಥ ಪ್ರತಿ ಗಂಟಿನ (ನೋಡ್) ಮೇಲೆ ಗೆಟ್ ಡಾಕ್‌ಸ್ಟ್ರಿಂಗ್ ಕರೆದರೆ ಅದರ ವಿವರಣೆ ಬರುತ್ತದೆ, ಎಡಗಡೆ ಬಿಟ್ಟ ಜಾಗವನ್ನೂ ಅದೇ ಸರಿಮಾಡುತ್ತದೆ. ಎಸ್‌ಕ್ಯುಎಲ್ ಒಂದೂ ಬರಲಿಲ್ಲ. ಕ್ಲಾಸ್, ಫಂಕ್ಷನ್, ಮಾಡ್ಯೂಲ್ ಬಿಟ್ಟು ಬೇರೆ ಗಂಟಿನ ಮೇಲೆ ಕರೆದರೆ ಟೈಪ್ ಎರರ್ ಬರುತ್ತದೆ, ಹಾಗಾಗಿ ಮೊದಲು ಅದು ಯಾವ ಗಂಟು ಅಂತ ನೋಡಬೇಕು.

ಕನ್ನಡ ಅಕ್ಷರ ಮಾತ್ರ ಕಾಡಿತು. ಆ ವಿಂಡೋಸ್ ಕಂಪ್ಯೂಟರ್‌ನಲ್ಲಿ ಫೈಲನ್ನು ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿ) ಹೇಳದೆ ತೆರೆದರೆ ಅದು ಯುಟಿಎಫ್-8 ಅಂತ ಓದುವುದಿಲ್ಲ, ತೊಗರಿ ಅನ್ನೋದು ಗುರುತೇ ಸಿಗದ ಚಿಹ್ನೆಗಳಾಗುತ್ತದೆ. ಫೈಲನ್ನು ಬೈನರಿಯಾಗಿ ಓದಿ ಆ ಬೈಟ್‌ಗಳನ್ನೇ ಎಎಸ್‌ಟಿಯ ಪಾರ್ಸ್‌ಗೆ, ಅಂದರೆ ಕೋಡ್ ಓದಿ ಮರ ಕಟ್ಟುವ ಫಂಕ್ಷನ್‌ಗೆ, ಕೊಟ್ಟೆ. ಫೈಲಿನ ಎನ್‌ಕೋಡಿಂಗ್ ಯಾವುದು ಅಂತ ಪಾರ್ಸರೇ ನೋಡಿಕೊಂಡಿತು. ಒಂದು ಹಳೇ ಫೈಲಿನಲ್ಲಿ ಪ್ರಿಂಟ್‌ಗೆ ಆವರಣ ಇರಲಿಲ್ಲ, ಪೈಥಾನ್ 2ರ ಕಾಲದ್ದು. ಅದನ್ನು ಪಾರ್ಸರ್ ಓದಲಿಲ್ಲ, ಕೈಯಿಂದಲೇ ತಿದ್ದಿದೆ.

ಅಷ್ಟಾದರೂ ಕೆಲವು ಫಂಕ್ಷನ್‌ಗಳು ಖಾಲಿ ಬಂದವು. ತೆರೆದು ನೋಡಿದರೆ ಅವರು ವಿವರಣೆಯನ್ನು ಫಂಕ್ಷನ್ ಶುರುವಾಗುವ ಡೆಫ್ ಸಾಲಿನ ಮೇಲೆ ಹ್ಯಾಶ್ (#) ಹಾಕಿ, ಕಮೆಂಟ್ ಆಗಿ ಬರೆದಿದ್ದರು. ಅಂಥ ಕಮೆಂಟ್‌ಗಳು ಎಎಸ್‌ಟಿ ಮರದಲ್ಲಿ ಉಳಿಯುವುದೇ ಇಲ್ಲ. ಅದಕ್ಕೆ ಕೋಡನ್ನು ಕಮೆಂಟ್ ಸಮೇತ ತುಂಡು ತುಂಡಾಗಿ ಓದುವ ಟೋಕನೈಸ್ ಮಾಡ್ಯೂಲ್ ಬೇಕು. ಅದರಿಂದ ಕಮೆಂಟ್ ಮತ್ತು ಸಾಲಿನ ಸಂಖ್ಯೆ ತೆಗೆದು, ಫಂಕ್ಷನ್‌ನ ಸಾಲಿಗೆ ಜೋಡಿಸಿದೆ. ಡೆಕೊರೇಟರ್ (ಡೆಫ್‌ಗಿಂತ ಮೇಲೆ @ ಹಾಕಿ ಬರೆಯುವ ಸಾಲು) ಇದ್ದ ಕಡೆ ಜೋಡಣೆ ತಪ್ಪಿತು. ಪೈಥಾನ್ 3.8ರಿಂದ ಫಂಕ್ಷನ್‌ನ ಸಾಲು ಅಂದರೆ ಡೆಫ್ ಇರುವ ಸಾಲು, ಡೆಕೊರೇಟರ್‌ನದಲ್ಲ. ಕಮೆಂಟ್ ಇದ್ದದ್ದು ಡೆಕೊರೇಟರ್‌ಗಿಂತ ಮೇಲೆ. ಮೊದಲ ಡೆಕೊರೇಟರ್‌ನ ಸಾಲಿನಿಂದ ಲೆಕ್ಕ ಹಿಡಿದ ಮೇಲೆ ಸರಿಯಾಯಿತು. ಇದೊಂದಕ್ಕೇ ನನ್ನ ಒಂದು ಇಡೀ ಸಂಜೆ ಹೋಯಿತು. ಇಂಥದ್ದು ಮಾಡಲು ಹೊರಟವರು ಇದನ್ನು ಮೊದಲೇ ನೋಡಿಕೊಳ್ಳಿ.

ಎಲ್ಲಾ ಸೇರಿಸಿ ಒಂದು ಎಚ್‌ಟಿಎಂಎಲ್ ಪುಟ ಮಾಡಿದೆ. ಫಂಕ್ಷನ್ ಹೆಸರು ಸಣ್ಣದಾಗಿ, ಕನ್ನಡ ವಿವರಣೆ ದೊಡ್ಡದಾಗಿ. ಕಾಂಟಾದ ಹುಡುಗ ಅದನ್ನು ನಿಂತಲ್ಲೇ ಓದಿದ. ತೇವದ ಸಾಲಿಗೆ ಪೆನ್ನಿನಿಂದ ಗೆರೆ ಎಳೆದು ಗೋಡೆಗೆ ಅಂಟಿಸಿಕೊಂಡ. ಬರೆದಿಟ್ಟು ಹೋದವರ ಬಗ್ಗೆ ನನಗೆ ಅವತ್ತು ತುಂಬಾ ಗೌರವ ಬಂತು.

ವಿವರಣೆಯೇ ಇಲ್ಲದ ಫಂಕ್ಷನ್‌ಗಳ ಪಟ್ಟಿಯನ್ನೂ ಅದೇ ಸ್ಕ್ರಿಪ್ಟ್ ಕೊಡುತ್ತದೆ. ಅದನ್ನು ಹಿಡಿದು ಎರಡು ದಿನ ಮುನೀಮರ ಹತ್ತಿರ ಕೂತೆ. ಅವರು ಒಂದೊಂದಾಗಿ ಹೇಳಿದರು, ನಾನು ಅಲ್ಲಲ್ಲೇ ಡಾಕ್‌ಸ್ಟ್ರಿಂಗ್ ಬರೆದೆ. ಖಾಲಿ ಚೀಲದ ತೂಕವನ್ನು ಎರಡು ಕಡೆ ಬೇರೆ ಬೇರೆ ಯಾಕೆ ಹಿಡಿದಿದ್ದಾರೆ ಅನ್ನೋದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಅದಕ್ಕೆ ಹಿಂದಿನವರಿಗೇ ಫೋನ್ ಹಚ್ಚಬೇಕು, ಬರುವ ಭಾನುವಾರ ಹಚ್ಚುತ್ತೇನೆ.